ಸಂಜೆ ಹೊತ್ತು ನೆತ್ತಿಗೇರುವ ಪಿತ್ತಕ್ಕೆ

ಇವರಿಗೆ: ನಮ್ಮ ಯಜಮಾನರ ಪಿತ್ತ, ಯಕೃತ್ತಿನ ಕೆಳಗೆ, ಬಲಭಾಗ (ಸಂಜೆ ಆರರ ನಂತರ: ನೆತ್ತಿ)

ಮಾನ್ಯರೇ,

ತಮ್ಮ ಏರುಗತಿಗೆ ಮೊದಲು ನನ್ನ ನಮಸ್ಕಾರಗಳು. ತಮ್ಮ ಮನೆಮಾಲೀಕರು ದಿನಕ್ಕೆ ಹತ್ತು ಸಲ ತೆರೆಯುವ ಫ್ರಿಜ್ಜಿನ ಬಾಗಿಲಿಗೇ ಈ ಪತ್ರವನ್ನು ಅಂಟಿಸುತ್ತಿದ್ದೇನೆ. ನಾನು ವೃತ್ತಿಯಿಂದ ನರ್ಸ್. ತಮ್ಮ ಖಾಯಂ ವಿಳಾಸ ಯಕೃತ್ತಿನ ಕೆಳಗಿನ ಪುಟ್ಟ ಚೀಲವೆಂದೂ, ಉಂಡದ್ದನ್ನು ಅರಗಿಸುವುದಷ್ಟೇ ತಮ್ಮ ಉದ್ಯೋಗವೆಂದೂ ಓದಿಕೊಂಡವಳು. ಆದರೆ ಹಳೆಯ ವೈದ್ಯರು ತಮ್ಮನ್ನು ಒಡಲೊಳಗಿನ ಬೆಂಕಿಯೆಂದು ಕರೆದು, ಕೆರಳಿದರೆ ತಲೆಗೇರುತ್ತದೆಂದು ಹೇಳಿಬಿಟ್ಟದ್ದೇ ನೆಪವಾಗಿ, 'ಪಿತ್ತ ನೆತ್ತಿಗೇರಿತು' ಎಂಬ ಒಂದು ಮಾತಿನ ಬಲದ ಮೇಲೆ ತಾವು ಇಷ್ಟು ಕಾಲ ಬಾಡಿಗೆಯಿಲ್ಲದೆ ಮೇಲಿನ ಮಹಡಿಯನ್ನು ಅನುಭವಿಸುತ್ತಿದ್ದೀರಿ.

ನಮ್ಮ ಯಜಮಾನರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕಂಬಕ್ಕೆ ಗುದ್ದಿದ ಶಿಷ್ಯನಿಗೂ ನೀರು ಕುಡಿಸಿ ಸಮಾಧಾನ ಹೇಳುವವರು. ಸೋಮವಾರ ನನಗೆ ಲೈಸೆನ್ಸ್ ಪರೀಕ್ಷೆ. ಪಾಸಾದರೆ ರೋಗಿಗಳ ಮನೆಮನೆಗೆ ಹೋಗಿ ಆರೈಕೆ ಮಾಡುವ ಕೆಲಸ ನನ್ನದು, ಇಲ್ಲವಾದರೆ ಬೇರೆಯವರ ಪಾಲು. ಹಾಗಾಗಿ ಸಂಜೆ ನಮ್ಮ ಸ್ವಂತ ಕಾರಿನಲ್ಲಿ ಅಭ್ಯಾಸ. ಸ್ಕೂಲಿನ ಕಾರಿನಲ್ಲಿ ಮೇಷ್ಟ್ರ ಕಾಲಡಿಗೂ ಒಂದು ಬ್ರೇಕ್ ಇದೆ, ನಮ್ಮದರಲ್ಲಿ ಇಲ್ಲ. ಆ ಇಲ್ಲದ ಬ್ರೇಕನ್ನು ಅವರು ಅಭ್ಯಾಸಬಲದಿಂದ ಗುದ್ದಿ ಗುದ್ದಿ ಒತ್ತುತ್ತಾರೆ, ಕಾರು ನಿಲ್ಲುವುದಿಲ್ಲ, ತಾವು ಹೊರಡುತ್ತೀರಿ! ಮೊದಲು ಹುಬ್ಬು ಗಂಟಿಕ್ಕುತ್ತದೆ, ಆಮೇಲೆ ಹಲ್ಲು ಕಡಿಯುವ ಸದ್ದು, ತಿರುವು ದಾಟುವಷ್ಟರಲ್ಲಿ ಮನುಷ್ಯ ಕೆಂಡಾಮಂಡಲ. "ಕ್ಲಚ್ ಬಿಡೇ ಅಂದ್ರೆ, ಕಿವಿ ಕೇಳ್ಸಲ್ವಾ ನಿಂಗೆ?" ಎಂಬ ಅಬ್ಬರಕ್ಕೆ ಬೀದಿಯ ಟೈಲರ್ ಹೊಲಿಗೆ ನಿಲ್ಲಿಸಿ ನೋಡುತ್ತಾನೆ. ನನಗೆ ಅಳು ಬರುತ್ತದೆ, ಅಳುವಾಗ ಕನ್ನಡಿಯಲ್ಲಿ ಹಿಂದಿನ ಗಾಡಿ ಕಾಣುವುದಿಲ್ಲ.

ಹೊಟ್ಟೆಯಿಂದ ನೆತ್ತಿಗೆ ಗೇರ್ ಬದಲಿಸದೆ ತಲುಪುವ ತಮ್ಮ ಚಾಲನಾ ಕೌಶಲಕ್ಕೆ ನಾನು ತಲೆಬಾಗುತ್ತೇನೆ. ಆದರೂ ಇನ್ನು ಮುಂದೆ ಏರುವ ಮುನ್ನ ದಯವಿಟ್ಟು ಇಂಡಿಕೇಟರ್ ಹಾಕಿ, ಗಂಟಲ ಬಳಿ ಒಂದು ಕ್ಷಣ ನಿಂತು ಎಡಬಲ ನೋಡಬೇಕಾಗಿ ವಿನಂತಿ. ಅದೂ ಆಗದಿದ್ದರೆ ಸೋಮವಾರದವರೆಗೆ ಮೂಗಿನ ತುದಿಯಲ್ಲೇ ತಂಗಿರಿ. ಅಲ್ಲಿ ನಮ್ಮ ಯಜಮಾನರ ಕೋಪಕ್ಕೆ ಮೊದಲಿನಿಂದಲೂ ಜಾಗವಿದೆ.

ಸೀಟ್‌ಬೆಲ್ಟ್ ಬಿಗಿದುಕೊಂಡೇ ಇರುವ,
ತಮ್ಮ ವಿಶ್ವಾಸಿ,
ತಮ್ಮ ಮನೆಮಾಲೀಕರ ಹೆಂಡತಿ

ತಾ.ಕ.: ಪತ್ರ ಫ್ರಿಜ್ಜಿನ ಮೇಲಿರುವಾಗಲೇ ಸೋಮವಾರ ಬಂತು, ನಾನು ಪಾಸಾದೆ; ಪಕ್ಕದಲ್ಲಿ ಗುರುತು ಪರಿಚಯವಿಲ್ಲದ ಇನ್‌ಸ್ಪೆಕ್ಟರ್ ಒಬ್ಬರೇ ಇದ್ದರು. ಇದನ್ನು ಕಂಡು ನಮ್ಮ ಅತ್ತೆಯವರೂ ಮಗನ ಕೈಯಲ್ಲೇ ಕಾರು ಕಲಿಯಲು ಹೊರಟಿದ್ದಾರೆ, ಇವತ್ತು ಸಂಜೆ ಮೊದಲ ಪಾಠ. ತಾಕತ್ತಿದ್ದರೆ ಅವರೆದುರು ನೆತ್ತಿಗೇರಿ ತೋರಿಸಿ. ನಾನು ಹಿಂದಿನ ಸೀಟಿನಲ್ಲೇ ಇರುತ್ತೇನೆ.