ವಸಂತ ಬರೆಯಲು ಹೋದ ಕೊಳಲು

ಕೊಳಲು ಊದುವವನಿಗೆ ಪ್ರಕೃತಿಯ ಮೇಲೆ ಪ್ರೀತಿ ಇದ್ದೇ ಇರುತ್ತದೆಂದು ಜನ ನಂಬಿದ್ದಾರೆ. ನನಗಾದರೋ ಗಾಳಿಗೆ ಕುಳಿತರೆ ನೆಗಡಿ, ಹೂವಿನ ಹತ್ತಿರ ಹೋದರೆ ಸೀನು. ಕೋಲಾರದಲ್ಲಿ ಬಾಗಿಲು ಹಾಕಿಕೊಂಡು ಮಕ್ಕಳಿಗೆ ಸರಳೆವರಸೆ ಹೇಳಿಕೊಟ್ಟು ಬದುಕಿದವನು ನಾನು. ಅಂಥವನಿಗೆ ಬೆಂಗಳೂರಿನ ಪಿಟೀಲುಗಾರ ಗೆಳೆಯ ಪ್ರಭಾಕರ ಫೋನು ಮಾಡಿ, "ಕೊಳಲಿಗೆ ಒಂದು ಕನ್ಚರ್ಟೊ ಬರಿಯೋ. ನೀನು ಮುಂದೆ ಕೂತು ಊದು, ನಮ್ಮ ವಾದ್ಯಗಳೆಲ್ಲ ಹಿಂದೆ ಬರ್ತವೆ. ವಿಷಯ ವಸಂತ," ಎಂದ. ಈ ವಯಸ್ಸಿನಲ್ಲಿ ಮೊದಲ ಸಲ ಯಾರೋ ನನ್ನನ್ನು ಮುಂದೆ ಕೂರಲು ಕರೆದಿದ್ದರು. ಒಪ್ಪಿಕೊಂಡುಬಿಟ್ಟೆ.

ವಾರಗಟ್ಟಲೆ ತಿಣುಕಿದ ಮೇಲೆ ಹುಟ್ಟಿದ್ದನ್ನು ಕೇಳಿ ಹೆಂಡತಿ ಸರೋಜ, "ನಮ್ಮ ಕುಕ್ಕರಿನ ಗ್ಯಾಸ್ಕೆಟ್ಟು ಹೋದಾಗ ಹೀಗೇ ಕೂಗ್ತಿತ್ತು," ಎಂದಳು. ನನ್ನ ಮುಖ ನೋಡಲಾರದೆ ಶ್ರೀನಿವಾಸಪುರಕ್ಕೆ, ತನ್ನ ತಮ್ಮ ನಾರಾಯಣಸ್ವಾಮಿಯ ಮಾವಿನ ತೋಟಕ್ಕೆ ಅಟ್ಟಿದಳು. ಮರದ ಕೆಳಗೆ ಕುಳಿತರೆ ತಾನೇ ಬರುತ್ತದಂತೆ. ಬಂದದ್ದು ಕೆಂಪಿರುವೆ. ಕೋಗಿಲೆ ಬಾಯಿ ತೆರೆದಾಗಲೆಲ್ಲ ಔಷಧಿ ಹೊಡೆಯುವ ಮೋಟಾರು ಶುರುವಾಗುತ್ತಿತ್ತು. ನನ್ನ ಕೈಲಾಗದ ಕೆಲಸ ಇದು ಎಂದು ಖಾತ್ರಿಯಾದ ಸಂಜೆ, ಇದ್ದ ಸಂಕಟವನ್ನೆಲ್ಲ ಸೇರಿಸಿ ಊದಿದೆ. ಕೊನೆಗೂ ಹೂ ಬಿಡುವ ಸಂಭ್ರಮ ಬಂತಲ್ಲ ಎಂದುಕೊಂಡು ತಿರುಗಿದರೆ, ನಾರಾಯಣಸ್ವಾಮಿ ಪೈಪು ಹಿಡಿದುಕೊಂಡೇ ನೆಲದ ಮೇಲೆ ಕುಳಿತಿದ್ದ.

"ವದ್ದು ಬಾವಾ, ನಿಲ್ಸಿ," ಎಂದ. ದುಃಖ ಬಂದರೆ ಅವನಿಗೆ ತೆಲುಗೇ ಬಾಯಿಗೆ ಬರುವುದು. "ಆಲಿಕಲ್ಲು ಬಿದ್ದು ಕಾಯೆಲ್ಲ ಉದುರಿದ ದಿವಸ ಹಿಂಗೇ ಇತ್ತು. ಅಪ್ಪ ಮರದ ಕೆಳಗೆ ನಿಂತೇ ಇದ್ದ. ಎಷ್ಟು ಕರೆದ್ರೂ ಒಳಕ್ಕೆ ಬರಲಿಲ್ಲ."

ನಾನು ಬರೆಯಲು ಹೊರಟದ್ದು ವಸಂತವೆಂದು ಹೇಳಲು ಬಾಯಿ ಬರಲಿಲ್ಲ. ಪ್ರಭಾಕರನಿಗೆ ಫೋನಿನಲ್ಲೇ ಊದಿ ತೋರಿಸಿದೆ. ಅವನು, "ವಸಂತ ಬಿಡು, ಇದೇ ಇರಲಿ," ಎಂದ. ಕೋಲಾರದಲ್ಲೇ ಕಛೇರಿಯಾಯಿತು. ಹಿಂದೆ ಅಷ್ಟೊಂದು ಪಿಟೀಲುಗಳು, ಮುಂದೆ ನಾನು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾರಾಯಣಸ್ವಾಮಿಯ ಕುರ್ಚಿ ಮಾತ್ರ ಖಾಲಿ. ಹುಡುಕಿಕೊಂಡು ಹೋದರೆ ಗೇಟಿನ ಹತ್ತಿರ ಒಬ್ಬನೇ ನಿಂತಿದ್ದ.

"ಚೆನ್ನಾಗಿರಲಿಲ್ವೇನೋ?" ಎಂದೆ.

"ಚೆನ್ನಾಗಿತ್ತು ಬಾವಾ. ಅದಕ್ಕೇ ಎದ್ದು ಬಂದೆ."

ಇದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಸಿಕ್ಕಿಲ್ಲ. ಬೇರಾವ ಹೊಗಳಿಕೆಯೂ ನನ್ನನ್ನು ಇಷ್ಟು ನೋಯಿಸಿಲ್ಲ. ಮುಂದಿನ ತಿಂಗಳು ಅವನೇ ಮನೆಗೆ ಬಂದು ಮೊಮ್ಮಗಳ ನಾಮಕರಣಕ್ಕೆ ಕರೆದ. ಹೊಸಿಲು ದಾಟಿದವನು ತಿರುಗಿ ನಿಂತು, ಬಹಳ ಸಂಕೋಚದಿಂದ, "ಬಾವಾ, ತಪ್ಪು ತಿಳ್ಕೋಬೇಡಿ. ಕೊಳಲು ಮಾತ್ರ ತರಬೇಡಿ," ಎಂದ. ಹೋದೆ. ಬರಿಗೈಯಲ್ಲಿ ಕುಳಿತು ಹೋಳಿಗೆ ತಿಂದೆ. ನನ್ನಿಂದ ಆ ಮನೆಯವರಿಗೆ ಸಂತೋಷವಾಗಿದ್ದರೆ ಅದು ಆವತ್ತೇ.