ಓನರ್ ಆಂಟಿಯ ಪಾತ್ರೆ ಮತ್ತು ನನ್ನ ಪತ್ತೇದಾರಿ

ಏನೇ ಕಳೆದುಹೋದರೂ ನಮ್ಮ ನೆಂಟರಿಷ್ಟರು ಇಂದಿಗೂ ಮೊದಲು ನನಗೇ ಫೋನು ಮಾಡುತ್ತಾರೆ. ಕನ್ನಡಕ, ಗ್ಯಾಸ್ ಪುಸ್ತಕ ಇರಲಿ, ಒಮ್ಮೆ ಒಬ್ಬ ಭಾವನನ್ನೂ ಹುಡುಕಿಕೊಡು ಎಂದಿದ್ದರು. ಇದಕ್ಕೆಲ್ಲ ಕಾರಣ, ತೊಂಬತ್ತರ ದಶಕದಲ್ಲಿ ಹಲಸೂರು ಮಾರ್ಕೆಟ್ಟಿನ ಹಿಂದಿದ್ದ ನಮ್ಮ ವಠಾರದಲ್ಲಿ, ನಾಲ್ಕನೇ ಕ್ಲಾಸಿನಲ್ಲಿದ್ದಾಗ ನಾನು ಶುರು ಮಾಡಿದ ಪತ್ತೇದಾರಿ ಕೆಲಸ. ಸಂಬಳ ಇರಲಿಲ್ಲ, ಏಟಿಗೆ ಮಾತ್ರ ಬರವಿರಲಿಲ್ಲ.

ಬೆಣ್ಣೆ ಕಳ್ಳ

ತುಪ್ಪ ಕಾಯಿಸಲೆಂದು ಅಮ್ಮ ಕೂಡಿಡುತ್ತಿದ್ದ ಬೆಣ್ಣೆ ದಿನಾ ಸ್ವಲ್ಪ ಸ್ವಲ್ಪ ಕರಗುತ್ತಿತ್ತು. ಕಳ್ಳನ ಹೆಜ್ಜೆ ಗುರುತು ಹಿಡಿಯೋಣವೆಂದು, ಅಮ್ಮ ನಲ್ಲಿಯ ಹತ್ತಿರ ಬಟ್ಟೆ ಒಗೆಯಲು ಹೋದಾಗ ಅಡುಗೆಮನೆಯಿಂದ ಹೊಸಿಲವರೆಗೆ ಅಕ್ಕಿಹಿಟ್ಟು ಚೆಲ್ಲಿ ನಾನು ಆಟಕ್ಕೆ ಓಡಿದೆ. ಬಂದು ನೋಡಿದರೆ ಮನೆ ಮುಂದೆ ಜನವೋ ಜನ. ಹಿಟ್ಟಿನ ಮೇಲೆ ಪುಟ್ಟ ಪುಟ್ಟ ಪಾದಗಳು! ಪಕ್ಕದ ಮನೆಯ ತಮಿಳು ಅಜ್ಜಿ, ನಮ್ಮೆಲ್ಲರ ಪಾಟಿ, ಕೈ ಮುಗಿದು ಕಣ್ಣೀರು ಸುರಿಸುತ್ತಿದ್ದರು.

"ಕೃಷ್ಣ ಬಂದಿದ್ದಾನೆ ಮ್ಮಾ!"

"ಅಷ್ಟಮಿ ನಾಡಿದ್ದಲ್ವಾ ಪಾಟಿ?" ಎಂದಳು ಅಮ್ಮ.

"ಅವನಿಗೆ ಅವಸರ. ಬೆಣ್ಣೆ ಹೋಗಿದ್ಯಾ ನೋಡು."

ಬೆಣ್ಣೆ ಹೋಗಿತ್ತು. ವಠಾರವೆಲ್ಲ "ಕೃಷ್ಣಾ, ಕೃಷ್ಣಾ" ಎಂದಿತು. ನಾನು ಸುಮ್ಮನಿರದೆ ಹೆಜ್ಜೆಗಳ ಹಿಂದೆ ಹೋಗಿ, ಬಾಗಿಲ ಹಿಂದೆ ಕೆನ್ನೆ ತುಂಬ ಬೆಣ್ಣೆ ಮೆತ್ತಿಕೊಂಡು ಕೂತಿದ್ದ ನನ್ನ ಮೂರು ವರ್ಷದ ತಮ್ಮನನ್ನು ಎಳೆದು ತಂದೆ. "ಇವನೇ ಕಳ್ಳ!"

ಪಾಟಿ ಅವನ ಕಾಲಿಗೇ ಬಿದ್ದರು. ಅಂದಿನಿಂದ ಅವನಿಗೆ ದಿನಾ ಅವರ ಮನೆಯಿಂದಲೇ ಬೆಣ್ಣೆ ಬರತೊಡಗಿತು.

ಶಿವಾಜಿನಗರದ ಗೋಬಿ

ದಸರಾ ಸಮಯಕ್ಕೆ ದೊಡ್ಡ ಕೇಸೇ ಬಂತು. ಓನರ್ ಆಂಟಿಯ ಮದುವೆಯ ದೊಡ್ಡ ಸ್ಟೀಲ್ ಪಾತ್ರೆ, ಹೆಸರು ಕೆತ್ತಿಸಿದ್ದು, ಕಾಣುತ್ತಿಲ್ಲ. ಎಲ್ಲರ ಕಣ್ಣೂ ರಾಯಚೂರು ಅಕ್ಕನ ಮೇಲೆ. ಇಂದಿರಾನಗರದಲ್ಲಿ ಬಿಲ್ಡಿಂಗ್ ಕೆಲಸಕ್ಕೆ ಹೋಗುತ್ತಿದ್ದ ಆಕೆ ಗಣೇಶನ ಹಬ್ಬ ಕಳೆದ ಮೇಲೆ ಗಂಡನೊಂದಿಗೆ ನಮ್ಮ ವಠಾರಕ್ಕೆ ಬಂದವಳು.

"ಭಾನುವಾರದೊಳಗೆ ಪಾತ್ರೆ ಸಿಗ್ಲಿಲ್ಲಾಂದ್ರೆ ಅವಳು ರೂಮ್ ಖಾಲಿ ಮಾಡ್ಬೇಕು" ಎಂದರು ಆಂಟಿ. ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವಳು ನನ್ನಮ್ಮ.

ಅಕ್ಕ ನನ್ನೆದುರು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಇಬ್ರು ಉಣ್ಣೂ ಮನ್ಯಾಗ ಅಷ್ಟ್ ದೊಡ್ಡ ಬೋಗಾಣಿ ತಗೊಂಡು ಏನ್ ಮಾಡ್ಲವ್ವಾ?" ದಿನಾ ಬಿಸಿ ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ಹಾಕಿ ಕೊಡುತ್ತಿದ್ದವಳು ಅವಳು. ಅವಳು ಹೊರಟುಹೋದರೆ ಎಂದು ನೆನೆದು ನನಗೂ ಅಳು ಬಂತು.

ನನ್ನ ಅನುಮಾನ ಕೊನೆ ಮನೆಯ ಮೇಷ್ಟ್ರ ಮೇಲೆ. ಯಾರ ಮನೆಯಲ್ಲಿ ಮೊಟ್ಟೆ ಬೆಂದರೂ ಮೂಗು ಮುಚ್ಚಿಕೊಂಡು ಉಪದೇಶ ಮಾಡುತ್ತಿದ್ದ ಮನುಷ್ಯ, ಪ್ರತಿ ಶನಿವಾರ ಮಧ್ಯಾಹ್ನ ದೊಡ್ಡ ಚೀಲದಲ್ಲಿ ಏನೋ ಟಣ್ ಟಣ್ ಅನ್ನಿಸುತ್ತಾ ಹೋಗುತ್ತಿದ್ದರು. ಆ ಶನಿವಾರ ಅವರ ಹಿಂದೆಯೇ ಬಸ್ಸು ಹತ್ತಿದೆ. ಕಂಡಕ್ಟರ್ "ಯಾರ ಜೊತೆ ಬಂದಿದ್ದೀಯಾ?" ಎಂದಾಗ, ಕಳ್ಳನನ್ನು ತೋರಿಸುವ ಅಭ್ಯಾಸಬಲದಿಂದ ಮೇಷ್ಟ್ರನ್ನೇ ತೋರಿಸಿಬಿಟ್ಟೆ.

"ಸಾರ್, ಮಗಳ ಟಿಕೆಟ್ ತಗೊಳ್ಳಿ!"

ಮೇಷ್ಟ್ರು ತಿರುಗಿ ನೋಡಿ ಬೆವರಿದರು. ಮಗುವನ್ನು ಒಂಟಿಯಾಗಿ ವಾಪಸ್ ಕಳಿಸುವ ಹಾಗಿಲ್ಲ, ಕರೆದುಕೊಂಡು ಹೋಗುವ ಹಾಗೂ ಇಲ್ಲ. ಕೊನೆಗೆ ಶಿವಾಜಿನಗರದ ಒಂದು ಹೋಟೆಲಿನ ಮೂಲೆಯಲ್ಲಿ ಇಬ್ಬರೂ ಕೂತೆವು. ಚೀಲದಿಂದ ಹೊರಬಂದದ್ದು ಪಾರ್ಸಲ್‌ಗೆಂದು ತಂದ ಅವರದೇ ಟಿಫಿನ್ ಕ್ಯಾರಿಯರ್. ನನ್ನ ತಟ್ಟೆಗೆ ಕೆಂಪಗಿನ ತುಂಡುಗಳು ಬಂದವು.

"ತಿನ್ನಮ್ಮ, ಇದು ಗೋಬಿ" ಎಂದರು ಮೇಷ್ಟ್ರು.

"ಗೋಬಿಗೆ ಮೂಳೆ ಇರತ್ತಾ ಸಾರ್?"

"ಶಿವಾಜಿನಗರದ ಗೋಬಿಗೆ ಇರತ್ತೆ."

ಮಂಚದ ಕೆಳಗೆ

ಭಾನುವಾರ ಬಂದೇಬಿಟ್ಟಿತು. ಅಕ್ಕ ಗಂಟು ಕಟ್ಟುತ್ತಿದ್ದಳು. ಓನರ್ ಆಂಟಿ ಅವಳ ಬಾಗಿಲಲ್ಲಿ ನಿಂತಿದ್ದರು, ಹಿಂದೆ ಇಡೀ ವಠಾರ. ನನಗೆ ತಡೆಯಲಾಗಲಿಲ್ಲ. "ಅಕ್ಕನ ರೂಮ್ ಮಾತ್ರ ಯಾಕೆ? ಎಲ್ಲರ ಮನೇನೂ ಹುಡುಕ್ಬೇಕು!" ಎಂದು ಕೂಗಿದೆ.

"ಹಾಗಾದ್ರೆ ಮೊದಲು ನಿಮ್ಮನೇನೇ ಹುಡುಕು ಹೋಗೇ" ಎಂದು ಆಂಟಿ ನಕ್ಕರು.

ಹೋದೆ. ಅಮ್ಮನ ಮಂಚದ ಕೆಳಗೆ, ರಾಗಿ ಮೂಟೆಯ ಹಿಂದೆ, ಆಂಟಿಯ ಹೆಸರು ಹೊತ್ತ ಪಾತ್ರೆ ಕೂತಿತ್ತು! ಹಿಂದೆಮುಂದೆ ನೋಡದೆ ತಲೆಯ ಮೇಲೆ ಹೊತ್ತು ಅಂಗಳಕ್ಕೆ ತಂದೆ. ಅಮ್ಮ ಪಾತ್ರೆಯನ್ನು ನೋಡಿದಳು, ಆಮೇಲೆ ನನ್ನನ್ನು. ಆ ನೋಟ ನೆನೆದರೆ ಈಗಲೂ ಬೆನ್ನು ಚುರುಗುಟ್ಟುತ್ತದೆ.

"ಕದ್ದಿಲ್ಲಾ ರೀ" ಎಂದಳು ಅಮ್ಮ. "ನೀವೇ ಪೊಂಗಲ್ ಹಾಕಿ ಕಳಿಸಿದ್ರಿ. ಖಾಲಿ ಪಾತ್ರೆ ಹೇಗ್ರೀ ವಾಪಸ್ ಕೊಡೋದು? ಏನಾದ್ರೂ ಸಿಹಿ ಮಾಡಿ ಕೊಡೋಣಾಂತ..."

ನಮ್ಮ ವಠಾರದಲ್ಲಿ ತಿಂಡಿ ಬಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದು ಮಹಾಪಾಪ.

"ಪೊಂಗಲ್ಲಾ? ಅದು ಸಂಕ್ರಾಂತಿಗಲ್ವೇನ್ರೀ!"

"ಸಂಕ್ರಾಂತೀಲಿ ಅಕ್ಕ ರಾಯಚೂರಲ್ಲಿದ್ಲು!" ಎಂದು ನಾನು ಕುಣಿದೆ.

ಆಂಟಿ ಅಮ್ಮನ ಮೇಲೆ ಎಗರಿದರು. ಅಮ್ಮನೇನು ಕಡಿಮೆ? "ಮೊದಲು ನಮ್ಮ ದೊಡ್ಡ ಕುಕ್ಕರ್ ಎಲ್ಲಿ ಹೇಳಿ!"

"ನಿಮ್ಮ ಕುಕ್ಕರ್ ತುಂಬಿಸಿ ಕೊಡ್ಬೇಕಂದ್ರೆ ನಾನೊಂದು ಮದುವೆನೇ ಮಾಡ್ಬೇಕಲ್ಲಾ!"

ಇಡೀ ವಠಾರ ಬಿದ್ದು ಬಿದ್ದು ನಕ್ಕಿತು. ಅಕ್ಕ ಗಂಟು ಬಿಚ್ಚಿದಳು. ಸಂಜೆ ಆಂಟಿ, ಅಮ್ಮ ಇಬ್ಬರೂ ಸೇರಿ ಪಾಯಸ ಮಾಡಿದರು. ಅದೇ ಪಾತ್ರೆಗೆ ತುಂಬಿಸಿ ಅಕ್ಕನ ಮನೆಗೆ ಒಯ್ದು, "ತಪ್ಪಾಯ್ತಮ್ಮಾ, ಮನಸ್ಸಲ್ಲಿ ಇಟ್ಕೋಬೇಡ" ಎಂದರು. ಅಂಥ ಪಾಯಸವನ್ನು ನಾನು ಮತ್ತೆ ತಿಂದಿಲ್ಲ.

ಮುಂದಿನ ವಾರ ಓನರ್ ಆಂಟಿ ನನ್ನನ್ನು ಕರೆದರು. "ನನ್ನ ಪಾತ್ರೆ ಮತ್ತೆ ಕಾಣ್ತಿಲ್ಲ ಕಣೇ. ಎಲ್ಲಾದ್ರೂ ನೋಡಿದ್ಯಾ?"

ಎದ್ದೆನೋ ಬಿದ್ದೆನೋ ಎಂದು ಅಕ್ಕನ ರೂಮಿಗೆ ಓಡಿದೆ. ಬೆಳಗಿಟ್ಟ ಪಾತ್ರೆ ಹೊಳೆಯುತ್ತಾ ಅವಳ ಮಂಚದ ಕೆಳಗೆ ಕೂತಿತ್ತು.

"ಅಕ್ಕಾ! ಯಾಕೆ ಇನ್ನೂ ವಾಪಸ್ ಕೊಟ್ಟಿಲ್ಲ?"

"ಅಯ್ಯ ನಮ್ಮವ್ವಾ" ಎಂದಳು ಅಕ್ಕ, "ಖಾಲಿ ಹ್ಯಾಂಗ ಕೊಡ್ಲಿ?"