ಎರಡು ಲೋಟ ಕಾಫಿಯ ಮೇಷ್ಟ್ರು

ಒಂದು ಲೋಟ ಕಾಫಿ ಕುಡಿಯಲು ಎರಡು ಲೋಟ ಕಾಫಿ ತರಿಸುತ್ತಿದ್ದ ಮನುಷ್ಯ ಇಡೀ ಸಾಗರ ಪೇಟೆಯಲ್ಲಿ ಒಬ್ಬರೇ ಇದ್ದರು. ಅವರು ನಮ್ಮ ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರು. ಒಂದಕ್ಕೆ ಸಕ್ಕರೆ, ಇನ್ನೊಂದಕ್ಕಿಲ್ಲ!

"ಸಕ್ಕರೆ ಸಿಹಿ ಅಂತ ನಮ್ಮಜ್ಜನ ಕಾಲಕ್ಕೇ ಗೊತ್ತಾಗಿದೆ ಸಾರ್," ಎಂದರು ಒಮ್ಮೆ ಹೋಟೆಲಿನ ಭಟ್ಟರು.

"ನಿಮ್ಮಜ್ಜ ಸಕ್ಕರೆ ಹಾಕದ್ದನ್ನೂ ಪಕ್ಕದಲ್ಲಿಟ್ಕೊಂಡು ಕುಡಿದಿದ್ರಾ?"

ಭಟ್ಟರು ತಾವಾಗಿಯೇ ಎರಡನೇ ಲೋಟ ತಂದಿಟ್ಟರು.

ಹಾಕದ್ದೊಂದು ಪಕ್ಕದಲ್ಲಿಲ್ಲದೆ ಹಾಕಿದ್ದರ ಗುಣ ಹೇಳಬಾರದು. ಇದು ಅವರ ವೇದ, ಇದೇ ಅವರ ಉಪನಿಷತ್ತು. ಗಂಡು ಮಕ್ಕಳಿಬ್ಬರಿಗೂ ಒಟ್ಟಿಗೇ ಶೀತವಾದಾಗ ಒಬ್ಬನಿಗೆ ಕಷಾಯ, ಇನ್ನೊಬ್ಬನಿಗೆ ಬಿಸಿನೀರು ಕುಡಿಸಿದರು. "ಇಬ್ರೂ ನಿಮ್ಮ ಮಕ್ಕಳೇ ಕಣ್ರೀ!" ಎಂದು ಅವರ ಹೆಂಡತಿ ಕೂಗಾಡಿದರೆ, "ಅದಕ್ಕೇ ಮಾಡ್ದೆ. ಬೇರೆಯವರ ಮಕ್ಕಳ ಮೇಲೆ ಮಾಡೋಕಾಗ್ತದಾ?" ಎಂಬ ಉತ್ತರ. ಇಬ್ಬರ ಶೀತವೂ ಒಂದೇ ದಿನ ಬಿಟ್ಟಿತು. ಹೆಂಡತಿಯ ಕಷಾಯದ ಮಾನ ಹೋಯಿತು. ಮೇಷ್ಟ್ರ ರಾತ್ರಿಯೂಟವೂ ಹೋಯಿತು!

ಆಗುಂಬೆಯ ಕಾಡಿಗೆ ನಮ್ಮನ್ನು ಕರೆದೊಯ್ದಾಗ ಬಲಗಾಲಿಗೆ ಹೊಗೆಸೊಪ್ಪಿನ ನೀರು ಬಳಿದುಕೊಂಡು, ಎಡಗಾಲನ್ನು ಹಾಗೇ ಬಿಟ್ಟಿದ್ದರು. ರಕ್ತ ಹೀರುವ ಇಂಬಳಗಳು ಎಡಗಾಲಿಗೆ ಜಾತ್ರೆ ನೆರೆದವು. ರಕ್ತ ಸೋರುವ ಕಾಲನ್ನು ಎತ್ತಿ ಹಿಡಿದು, ಮಗ ಫಸ್ಟ್ ಕ್ಲಾಸಿನಲ್ಲಿ ಪಾಸಾದವರಂತೆ ನಗುತ್ತಿದ್ದರು. ಇಂಥವರ ಕೈಕೆಳಗೆ ನಾನು ಬಿ.ಎಸ್ಸಿ. ಮುಗಿಸಿ, ಅವರದೇ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದೆ. ನಮ್ಮ ವಂಶದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಲ್ಯಾಬಿನ ಹಿಂದಿನ ಕೋಣೆಯಲ್ಲಿತ್ತು ಮೇಷ್ಟ್ರ ನಿಜವಾದ ಸಂಸಾರ. ತಾಮ್ರ, ಸತು, ಸೆಲೆನಿಯಂ: ಮೈಗೆ ಒಂದು ಚಿಟಿಕೆಯೂ ಬೇಡದ, ಆದರೆ ಇಲ್ಲದೆಯೂ ಆಗದ ಧಾತುಗಳು. ಇವನ್ನು ಬೇರೆ ಬೇರೆ ರಸಾಯನಗಳಿಗೆ ಕೂಡಿಸಿ, ಬಣ್ಣಬಣ್ಣದ ಪುಡಿ ಮಾಡಿ, ಬೆಂಗಳೂರಿನ ಗೆಳೆಯರೊಬ್ಬರ ಪ್ರಯೋಗಾಲಯಕ್ಕೆ ಕಳಿಸುತ್ತಿದ್ದರು. ಮೆದುಳಿನಲ್ಲಿ ಸರಸರನೆ ಬೆಳೆದು ಆಳನ್ನೇ ತಿನ್ನುವ ಗಡ್ಡೆಯಿದೆಯಲ್ಲ, ಅದರ ಜೀವಕೋಶಗಳನ್ನು ಅಲ್ಲಿ ಗಾಜಿನ ತಟ್ಟೆಯಲ್ಲಿ ಬೆಳೆಸಿ, ಮೇಲೆ ಈ ಪುಡಿ ಹಾಕಿ ನೋಡುತ್ತಿದ್ದರು. ತಾಮ್ರದ ಹಸಿರು ಪುಡಿಯೊಂದು ಅಲ್ಲಿ ಆ ಕೋಶಗಳನ್ನು ಕೊಂದು ಗೆಲ್ಲತೊಡಗಿತ್ತು.

ಸುದ್ದಿ ಹೊಸನಗರದವರೆಗೂ ಹಬ್ಬಿತು. ಅಲ್ಲಿಯ ಸಾಹುಕಾರರೊಬ್ಬರು ಬಂದು, "ತಾಮ್ರ ಅಂದ್ರೆ ಮೈಲುತುತ್ತ ತಾನೇ ಸಾರ್? ಕೊಳೆರೋಗಕ್ಕೆ ನಾವು ಅಡಿಕೆಗೆ ಹೊಡೆಯೋದೂ ಅದನ್ನೇ. ತಲೆಗೂ ಹೊಡೆದ್ರಾಯ್ತಲ್ಲ!" ಎಂದರು.

"ಹೊಡೀಬೋದು. ಮರ ಹತ್ತಿ ಹೊಡೆಯೋ ಕೊನೆಗಾರನ್ನ ನೀವೇ ಕರ್ಕೊಂಡು ಬನ್ನಿ," ಎಂದರು ಮೇಷ್ಟ್ರು.

ನಗುತ್ತಿದ್ದೆವು. ಅಷ್ಟರಲ್ಲಿ ನಮ್ಮೂರು ಮೇಗರವಳ್ಳಿಯಲ್ಲಿ ನನ್ನ ಅಪ್ಪಯ್ಯ ಗದ್ದೆಯ ಅಂಚಿನಲ್ಲಿ ಕುಸಿದು ಬಿದ್ದರು. ಹೆಬ್ಬೆಟ್ಟೊತ್ತುವ ಅಪ್ಪಯ್ಯ, "ಹೆಣ್ಣುಮಗೀನ ಓದ್ಸಿ ಏನ್ ಮಾಡ್ತೀಯೋ?" ಎಂದ ಊರಿಗೆಲ್ಲ ಬೆನ್ನು ಹಾಕಿ ನನ್ನನ್ನು ಓದಿಸಿದವರು. ಅವರ ತಲೆಯಲ್ಲಿ ಅದೇ ಗಡ್ಡೆ.

ಬೆಂಗಳೂರಿಗೆ ಮೇಷ್ಟ್ರೇ ಕರೆದೊಯ್ದರು. ಆಪರೇಷನ್ನಿಗೆ ಮೊದಲು ಹಿಂಜರಿಯುತ್ತ, ತೆಗೆದ ಗಡ್ಡೆಯ ಒಂದು ತುಣುಕನ್ನು ತಟ್ಟೆಯಲ್ಲಿ ಬೆಳೆಸಲು ಕೊಡುವಿರಾ ಎಂದು ಅಪ್ಪಯ್ಯನನ್ನು ಕೇಳಿದರು.

"ಬೆಳೆಸಾಕಾ? ತಗೊಳ್ಳಿ ಮೇಷ್ಟ್ರೇ. ಬೀಜಕ್ಕೆ ಕೇಳ್ದೋರಿಗೆ ಒಕ್ಕಲು ಮನೇಲಿ ಇಲ್ಲ ಅನ್ನಬಾರ್ದು," ಎಂದರು ಅಪ್ಪಯ್ಯ.

ಗಡ್ಡೆ ಮತ್ತೆ ಬರುತ್ತದೆ ಎಂದು ಡಾಕ್ಟರು ಹೇಳಿಯೇ ಕಳಿಸಿದರು. ನಾನು ಮೇಷ್ಟ್ರ ಮುಂದೆ ನಿಂತೆ.

"ಆ ಪುಡಿ ಅಪ್ಪಯ್ಯಂಗೆ ಒಂಚೂರು ಕೊಡಿ ಸರ್."

"ಇಲ್ಲ ಕಣಮ್ಮ. ತಟ್ಟೇಲಿರೋ ಕೋಶ ಸುಣ್ಣ ಹಾಕಿದ್ರೂ ಸಾಯ್ತದೆ. ಮನುಷ್ಯನ ಮೈಯಲ್ಲಿ ಏನಾಗ್ತದೋ ನಂಗೊತ್ತಿಲ್ಲ."

"ಹೇಗೂ ಉಳಿಯಲ್ಲ ಅಂದಿದಾರಲ್ಲ!"

"ಇರೋಷ್ಟು ದಿನ ನಿನ್ ಹತ್ರ ಮಾತಾಡ್ಕೊಂಡಿರ್ಲಿ. ಅದನ್ನೂ ನಾನು ಕಿತ್ಕೊಳ್ಳಲ್ಲ."

ನಾನು ಅವರೊಡನೆ ಮಾತು ಬಿಟ್ಟೆ. ಅವರು ಬಿಡಲಿಲ್ಲ. ರಜೆ ಸಿಕ್ಕಾಗಲೆಲ್ಲ ಹೊಸನಗರ, ತೀರ್ಥಹಳ್ಳಿ ದಾಟಿ ಬಸ್ಸಿನಲ್ಲಿ ಬಂದು ಅಪ್ಪಯ್ಯನ ಪಕ್ಕ ಕೂರುತ್ತಿದ್ದರು. ಅಷ್ಟರಲ್ಲಿ ನಮ್ಮ ಜಗಲಿಗೆ ಬೇರಿನವರು, ಭಸ್ಮದವರು, ತಾಯಿತದವರು ಎಲ್ಲ ಬಂದು ಹೋಗಿದ್ದರು.

"ನಿಮ್ ಪುಡಿ ಮುಂದಾದ್ರೂ ಕೆಲಸ ಮಾಡ್ತದಾ ಮೇಷ್ಟ್ರೇ?" ಎಂದು ಅಪ್ಪಯ್ಯ ಒಂದು ದಿನ ಕೇಳಿದರು.

"ಗೊತ್ತಿಲ್ಲ."

ಅಪ್ಪಯ್ಯ ನಕ್ಕರು. "ಗೊತ್ತಿಲ್ಲ ಅಂದೋರು ನೀವೊಬ್ರೇ ನೋಡಿ. ಉಳಿದೋರಿಗೆಲ್ಲ ಗೊತ್ತಿತ್ತು!"

ಕೊನೆಯ ವಾರದವರೆಗೂ ಅಪ್ಪಯ್ಯ ಹಾಗೇ ಮಾತಾಡಿದರು, ನಗಿಸಿದರು. ಆಮೇಲೆ ಹೋದರು. ಆದರೆ ನನ್ನೊಳಗೆ ಒಂದು ಮುಳ್ಳು ಉಳಿಯಿತು. ಆ ಪುಡಿ ಕೊಟ್ಟಿದ್ದರೆ? ಅನ್ನ ಇಳಿಯುತ್ತಿರಲಿಲ್ಲ, ಕೆಲಸಕ್ಕೂ ಹೋಗಲಿಲ್ಲ.

ಒಂದು ಮಧ್ಯಾಹ್ನ ಮೇಷ್ಟ್ರು ಅಂಗಳದಲ್ಲಿ ನಿಂತಿದ್ದರು. ಬಸ್ಸಿನಲ್ಲಿ ಸೀಟು ಸಿಗದೆ ನಿಂತೇ ಬಂದಿದ್ದರಂತೆ. ಅಂಗಿ ಬೆವರಿನಲ್ಲಿ ತೊಯ್ದಿತ್ತು, ಮುಖ ಮಾತ್ರ ಅರಳಿತ್ತು.

"ಸೋತೋಯ್ತು ಕಣಮ್ಮ! ನಿಮ್ಮಪ್ಪಯ್ಯ ಕೊಟ್ಟ ಕೋಶಗಳ ಮೇಲೆ ನಮ್ ಪುಡಿ ಏನೂ ಮಾಡ್ಲಿಲ್ಲ. ಮೂರು ಸಲ ಹಾಕಿ ನೋಡಿದ್ರಂತೆ, ಒಂದಿಷ್ಟೂ ಬಗ್ಗಲಿಲ್ಲ. ಕೊಟ್ಟಿದ್ರೂ ಉಳೀತಿರಲಿಲ್ಲ. ಗೊತ್ತಾಯ್ತಾ? ಕೊಟ್ಟಿದ್ರೂ ಉಳೀತಿರಲಿಲ್ಲ."

ಎಷ್ಟೋ ವರ್ಷ ಆ ಕೋಣೆಯ ಹೊಗೆ ಕುಡಿದು ಮಾಡಿದ ಪುಡಿ. ಅದು ಸೋತ ಸುದ್ದಿಯನ್ನು ಒಂದು ಕಾರ್ಡಿನಲ್ಲಿ ಬರೆದು ಹಾಕಬಹುದಿತ್ತು. ಮಗಳ ಮನೆಗೆ ಬಾಗಿನ ತರುವವರಂತೆ ತಾವೇ ತಂದಿದ್ದರು.

ನಾನು ಜಗಲಿಯ ಕಂಬ ಹಿಡಿದುಕೊಂಡು ಅತ್ತೆ. ಒಳಗಿನಿಂದ ಅವ್ವ ಗಾಬರಿಯಾಗಿ ಓಡಿ ಬಂದಳು. "ಎಂಥ ಸುದ್ದಿಯೇ ಮಗಾ, ಮೇಷ್ಟ್ರು ತಂದಿದ್ದು?"

"ಒಳ್ಳೇ ಸುದ್ದಿ ಅವ್ವಾ," ಎಂದೆ. "ಎಲೆ ಹಾಕು, ನಾನೂ ಉಣ್ತೀನಿ."